ಶಿಲಾಪಾಕ ಹಿಡಿದ ಎರಡು ದಾರಿ

ಕರಗಿದ ಬಂಡೆ, ಅಂದರೆ ಶಿಲಾಪಾಕ, ತಣಿಯುವಾಗ ಒಮ್ಮೆಗೇ ಗಟ್ಟಿಯಾಗುವುದಿಲ್ಲ. ಖನಿಜಗಳು ಸರದಿಯಂತೆ ಹರಳುಗಟ್ಟುತ್ತವೆ. ಪ್ರತಿಯೊಂದೂ ತನಗೆ ಬೇಕಾದ ಧಾತುಗಳನ್ನು ಹೊತ್ತು ದ್ರವದಿಂದ ಬೇರೆಯಾಗುತ್ತದೆ. ಉಳಿದ ದ್ರವದ ಗುಣ ಅಷ್ಟಷ್ಟೇ ಬದಲಾಗುತ್ತದೆ. ಗೋಕರ್ಣದ ಬಳಿಯ ಸಾಣಿಕಟ್ಟಾದ ಉಪ್ಪಿನ ಆಗರಗಳಲ್ಲಿ ಆಗುವುದೂ ಇಂಥದ್ದೇ. ಉಪ್ಪು ಹರಳಾಗಿ ತಳ ಸೇರಿದ ಮೇಲೆ ಉಳಿಯುವುದು ಸಮುದ್ರದ ನೀರಲ್ಲ, ಮೆಗ್ನೀಸಿಯಂ ಹೆಚ್ಚಿದ ಕಹಿನೀರು. ಅಲ್ಲಿ ನೀರು ಆವಿಯಾಗುತ್ತದೆ, ನೆಲದೊಳಗೆ ಶಾಖ ತಗ್ಗುತ್ತದೆ, ವ್ಯತ್ಯಾಸ ಅಷ್ಟೇ. ಬಂಡೆಗಳ ಈ ವಿಕಾಸವನ್ನು ಕುಲುಮೆಯ ಪ್ರಯೋಗಗಳಿಂದ ವಿವರಿಸಿದ ಎನ್.ಎಲ್. ಬೋವೆನ್ ಅವರ ಗ್ರಂಥ ಹೊರಬಂದದ್ದು 1928ರಲ್ಲಿ.

ವಡೋದರಾದ ಗೋರ್ವಾದಿಂದ ಸುಮಾರು 50 ಕಿ.ಮೀ. ದೂರದ ಪಾವಾಗಢ ಬೆಟ್ಟದಲ್ಲಿ ಈ ವಿಕಾಸದ ಒಂದು ದಾರಿ ಕಾಣುತ್ತದೆ. ಕೆಳಗೆ ದಖ್ಖನ್ ಜ್ವಾಲಾಮುಖಿಯ ಕಪ್ಪು ಬಸಾಲ್ಟ್ ಪದರಗಳು, ನೆತ್ತಿಯಲ್ಲಿ ಸಿಲಿಕಾ ತುಂಬಿದ ರಯೋಲೈಟ್.

ಇನ್ನೊಂದು ದಾರಿಯನ್ನು ನೋಡಲು ಅಲ್ಲಿಂದ ಆಗ್ನೇಯಕ್ಕೆ, ಛೋಟಾ ಉದೇಪುರ ಜಿಲ್ಲೆಯ ಅಂಬಾ ಡೋಂಗರಕ್ಕೆ ಹೋಗಬೇಕು. ಇಲ್ಲಿನ ಶಿಲಾಪಾಕ ಕ್ಷಾರೀಯ. ಭೂಮಿಯ ಆಳದ ಮ್ಯಾಂಟಲ್‌ನಲ್ಲಿ ಬಂಡೆಯ ತೀರ ಸಣ್ಣ ಪಾಲು ಮಾತ್ರ ಕರಗಿದಾಗ ಸೋಡಿಯಂ, ಪೊಟ್ಯಾಸಿಯಂ ಮತ್ತು ಇಂಗಾಲದ ಡೈಆಕ್ಸೈಡ್ ಆ ದ್ರವದಲ್ಲಿ ಒಟ್ಟುಗೂಡುತ್ತವೆ. ಅವುಗಳಿಗೆ ಹೋಲಿಸಿದರೆ ಸಿಲಿಕಾ ಕಡಿಮೆ. ಮೊದಲು ಆಲಿವಿನ್, ಪೈರಾಕ್ಸಿನ್ ಹರಳುಗಳು ಕಬ್ಬಿಣ, ಮೆಗ್ನೀಸಿಯಂ, ಕ್ಯಾಲ್ಸಿಯಂಗಳನ್ನು ಸೆಳೆದುಕೊಳ್ಳುತ್ತವೆ. ಉಳಿದ ದ್ರವದಲ್ಲಿ ಸೋಡಿಯಂ, ಅಲ್ಯೂಮಿನಿಯಂ ಏರುತ್ತ ಹೋದರೂ ಅದೆಲ್ಲವೂ ಫೆಲ್ಡ್‌ಸ್ಪಾರ್ ಆಗುವಷ್ಟು ಸಿಲಿಕಾ ಇರುವುದಿಲ್ಲ. ಆಗ ಕಡಿಮೆ ಸಿಲಿಕಾದಲ್ಲೇ ರೂಪುಗೊಳ್ಳಬಲ್ಲ ನೆಫೆಲಿನ್ ಹುಟ್ಟುತ್ತದೆ. ನೆಫೆಲಿನ್ ಇರುವ ಇಂಥ ಕಲ್ಲಿನಲ್ಲಿ ಬೆಣಚು, ಅಂದರೆ ಸಿಲಿಕಾದ ಹರಳು, ಹುಡುಕಿದರೆ ಸಿಗದು. ಈ ದಾರಿಯ ಕೊನೆಯ ಜ್ವಾಲಾಮುಖಿ ಶಿಲೆ ಫೋನೊಲೈಟ್. ಅದರ ತೆಳು ಹಲಗೆಯನ್ನು ಸುತ್ತಿಗೆಯಿಂದ ತಟ್ಟಿದರೆ ನಾದ ಹೊರಡುತ್ತದೆ, ಹೆಸರು ಬಂದದ್ದೂ ಅದರಿಂದಲೇ.

ಒಂದು ದಾರಿಯ ದ್ರವ ತಣಿಯುತ್ತ ಇನ್ನೊಂದಕ್ಕೆ ಏಕೆ ಹಾರದು? ನಡುವೆ ಶಾಖದ ದಿಬ್ಬವಿದೆ. ಶುದ್ಧ ಫೆಲ್ಡ್‌ಸ್ಪಾರ್‌ನ ಸಂಯೋಜನೆಗೆ ಎರಡೂ ಬದಿಗಿಂತ ಹೆಚ್ಚಿನ ಕರಗುವ ಉಷ್ಣತೆ ಬೇಕು. ತಣಿಯುವ ದ್ರವ ಆ ದಿಬ್ಬ ಹತ್ತಲಾರದು. ಸಹ್ಯಾದ್ರಿಯ ನೆತ್ತಿಯಲ್ಲಿ ಅಕ್ಕಪಕ್ಕ ಬಿದ್ದ ಎರಡು ಮಳೆಹನಿ ಪಡುಗಡಲಿಗೂ ಬಂಗಾಳಕೊಲ್ಲಿಗೂ ಬೇರೆಯಾಗುವಂತೆ, ಆರಂಭದ ಅಲ್ಪ ಅಂತರವೇ ರಯೋಲೈಟೋ ಫೋನೊಲೈಟೋ ಎಂಬುದನ್ನು ಬಹುಮಟ್ಟಿಗೆ ನಿರ್ಧರಿಸುತ್ತದೆ. ಸುತ್ತಲಿನ ಸಿಲಿಕಾಭರಿತ ಶಿಲೆ ಕರಗಿ ಬೆರೆತರೆ ಮಾತ್ರ ಲೆಕ್ಕ ಬದಲಾದೀತು.

ಅಂಬಾ ಡೋಂಗರದಲ್ಲಿ ಇನ್ನೂ ಒಂದು ಅಚ್ಚರಿಯಿದೆ. ಇಂಗಾಲ ಹೆಚ್ಚಿದ ಶಿಲಾಪಾಕದಿಂದ ಕಾರ್ಬೊನೇಟ್ ದ್ರವ ನೀರಿನಿಂದ ಎಣ್ಣೆಯಂತೆ ಬೇರ್ಪಡಬಲ್ಲದು. ಅದು ಹೆಪ್ಪುಗಟ್ಟಿದರೆ ಕಾರ್ಬೊನಟೈಟ್, ಅಂದರೆ ಬೆಂಕಿಯಲ್ಲಿ ಹುಟ್ಟಿದ ಸುಣ್ಣದ ಕಲ್ಲು. ಇಲ್ಲಿ ಅದು ಬೆಟ್ಟದ ಸುತ್ತ ಉಂಗುರದಂತೆ ನಿಂತಿದೆ. ಭೂವಿಜ್ಞಾನಿಗಳಾದ ಸುಖೇಶವಾಲಾ ಮತ್ತು ಉದಾಸ್ ಇದನ್ನು ವರದಿ ಮಾಡಿದ್ದು 1963ರಲ್ಲಿ. ಅಹಮದಾಬಾದಿನ ಭೌತ ಸಂಶೋಧನಾ ಪ್ರಯೋಗಾಲಯದ ವಿಜ್ಞಾನಿಗಳು ಆರ್ಗಾನ್ ಅಳತೆಯಿಂದ ನಿರ್ಣಯಿಸಿದ ವಯಸ್ಸು ಸುಮಾರು 6.5 ಕೋಟಿ ವರ್ಷ. ಇಂಥ ದ್ರವ ಇಂದಿಗೂ ಚಿಮ್ಮುವ ಜಾಗ ಟಾಂಜಾನಿಯಾದ ಓಲ್ ಡೊಯಿನ್ಯೊ ಲೆಂಗಾಯ್ ಜ್ವಾಲಾಮುಖಿ. ಬಸಾಲ್ಟ್ ಲಾವಾ 1,100 ಡಿಗ್ರಿ ಮೀರಿದರೆ ಅಲ್ಲಿಯದು 500ರಿಂದ 600 ಡಿಗ್ರಿ ಸೆಲ್ಸಿಯಸ್, ಅದೂ ಸೋಡಿಯಂ ತುಂಬಿದ ಅಪರೂಪದ ಬಗೆ.

ಹರಳುಗಳಲ್ಲಿ ಸುಲಭವಾಗಿ ಜಾಗ ಸಿಗದ ಧಾತುಗಳು ಕೊನೆಯವರೆಗೆ ದ್ರವದಲ್ಲೇ ಉಳಿಯುತ್ತವೆ. ಅಂಬಾ ಡೋಂಗರದಲ್ಲಿ ಸೋಡಿಯಂ ಹೊತ್ತ ದ್ರವಗಳು ಪಕ್ಕದ ಮರಳುಗಲ್ಲಿಗೆ ಇಳಿದು ಅದನ್ನೇ ಫೆನೈಟ್ ಎಂಬ ಬೇರೆ ಶಿಲೆಯಾಗಿಸಿದವು. ವಿರಳ ಭಸ್ಮ ಧಾತುಗಳು ಕಾರ್ಬೊನಟೈಟ್‌ನಲ್ಲಿ ಸೇರಿಕೊಂಡವು. ಎಲ್ಲ ಮುಗಿದ ಮೇಲೆ ಬಿರುಕುಗಳಲ್ಲಿ ಹರಿದ ಬಿಸಿನೀರು ಫ್ಲೋರಿನ್ ತಂದು, ಸುಣ್ಣದ ಕಲ್ಲಿನ ಕ್ಯಾಲ್ಸಿಯಂ ಜೊತೆ ಕೂಡಿಸಿ ಫ್ಲೋರೈಟ್ (ಫ್ಲೋರ್‌ಸ್ಪಾರ್) ಹರಳುಗಳನ್ನು ಬೆಳೆಸಿತು. ಭಾರತದ ಅತಿ ದೊಡ್ಡ ಫ್ಲೋರ್‌ಸ್ಪಾರ್ ನಿಕ್ಷೇಪಗಳಲ್ಲಿ ಒಂದಾದ ಇದರ ಅದಿರನ್ನು ಗುಜರಾತ್ ಖನಿಜ ಅಭಿವೃದ್ಧಿ ನಿಗಮ ಹತ್ತಿರದ ಕಡಿಪಾಣಿಯ ಘಟಕಕ್ಕಾಗಿ ಅಗೆದು ತೆಗೆದಿದೆ.