ಒಬ್ಬ ತರಫ್‌ದಾರನಿಗೆ ಒಂದೇ ಕೋಟೆ

ಸೊಲ್ಲಾಪುರದ ಅಕ್ಕಲಕೋಟ ರಸ್ತೆಯ ಎಂಐಡಿಸಿ ಕೈಗಾರಿಕಾ ಪ್ರದೇಶದಲ್ಲಿ ಇಂದು ಟವೆಲ್ಲು, ಚಾದರ ನೇಯುವ ಮಗ್ಗಗಳು ಸದ್ದು ಮಾಡುತ್ತಿರುವ ಸೀಮೆ 1470ರ ದಶಕದಲ್ಲಿ ಬೀದರಿನ ಬಹಮನಿ ರಾಜ್ಯಕ್ಕೆ ಸೇರಿತ್ತು. ಸಿಂಹಾಸನದ ಮೇಲೆ ಮೂರನೆಯ ಮುಹಮ್ಮದ್ ಶಾಹ. ಆಡಳಿತದ ಚುಕ್ಕಾಣಿ ಮಾತ್ರ ಇರಾನಿನ ಗಿಲಾನಿನಿಂದ ವ್ಯಾಪಾರಕ್ಕೆಂದು ಬಂದು, 1466ರಲ್ಲಿ ಪ್ರಧಾನಮಂತ್ರಿಯಾದ ಮಹಮೂದ್ ಗಾವಾನನ ಕೈಯಲ್ಲಿತ್ತು.

ಆಗ ರಾಜ್ಯದಲ್ಲಿದ್ದುದು ನಾಲ್ಕೇ ತರಫ್, ಎಂದರೆ ಪ್ರಾಂತ. ಪ್ರಾಂತದ ಕೋಟೆಗಳೆಲ್ಲ ತರಫ್‌ದಾರನ ವಶ, ಕಿಲ್ಲೇದಾರರೆಲ್ಲ ಅವನ ಕಡೆಯವರು. ಅವನು ತಿರುಗಿಬಿದ್ದರೆ ಸುಲ್ತಾನನ ಕೈಯಲ್ಲಿ ಏನೂ ಉಳಿಯುತ್ತಿರಲಿಲ್ಲ. ಗಾವಾನ ನಾಲ್ಕನ್ನು ಎಂಟಾಗಿ ಒಡೆದ. ಕಲಬುರ್ಗಿ ಪ್ರಾಂತದಿಂದ ವಿಜಯಪುರದ ಭಾಗ ಬೇರೆಯಾಯಿತು. ನಳದುರ್ಗ, ಸೊಲ್ಲಾಪುರಗಳು ಕಲಬುರ್ಗಿಯಲ್ಲೇ ಉಳಿದು ದಸ್ತೂರ್ ದಿನಾರ್ ಎಂಬ ಹಬಶಿ ಸರದಾರನ ಕೈಕೆಳಗೆ ಬಂದವು. ತರಫ್‌ದಾರನಿಗೆ ಇನ್ನು ಒಂದೇ ಕೋಟೆ. ಉಳಿದ ಕೋಟೆಗಳ ಕಿಲ್ಲೇದಾರರನ್ನು ಬೀದರೇ ನೇಮಿಸುತ್ತಿತ್ತು. ಪ್ರತಿ ಪ್ರಾಂತದಲ್ಲೂ ಕೆಲವು ಪರಗಣೆಗಳು ಖಾಲ್ಸಾ ಆದವು, ಅವುಗಳ ಕಂದಾಯ ನೇರ ಸುಲ್ತಾನನ ಖಜಾನೆಗೆ. ಜಮೀನಿನ ಅಳತೆಯೂ ಆಯಿತು, ಊರೂರಿನ ಗಡಿ ಗೊತ್ತಾಯಿತು.

ನನಗೆ ಹೆಚ್ಚು ಮೆಚ್ಚುಗೆಯಾಗುವುದು ಸೈನ್ಯದ ಲೆಕ್ಕ. 500 ಕುದುರೆ ಸವಾರರನ್ನು ಸಾಕುವ ಸರದಾರನಿಗೆ ವರ್ಷಕ್ಕೆ ಒಂದು ಲಕ್ಷ ಹೊನ್ನು ಸಿಗುತ್ತಿದ್ದುದನ್ನು ಗಾವಾನ ಒಂದೂಕಾಲು ಲಕ್ಷಕ್ಕೆ ಏರಿಸಿದ. ಆದರೆ ಎಣಿಕೆಯಲ್ಲಿ ಒಬ್ಬ ಸವಾರ ಕಡಿಮೆ ಬಿದ್ದರೂ ಅವನ ಪಾಲಿನ ಹಣ ಮುರಿದುಕೊಳ್ಳುತ್ತಿದ್ದರು, ಕಾರ್ಖಾನೆಯಲ್ಲಿ ಹಾಜರಿ ತಪ್ಪಿದವನ ಪಗಾರ ಹಿಡಿದಂತೆ. ಕಾಗದದ ಮೇಲೆ ಮಾತ್ರ ಇರುವ ಸೈನಿಕರ ಹೆಸರಲ್ಲಿ ಹಣ ನುಂಗುವ ದಾರಿ ಹೀಗೆ ಮುಚ್ಚಿತು.

ನ್ಯಾಯದ ಕಡೆ ಇಂಥ ಕಟ್ಟುಪಾಡು ಬರಲಿಲ್ಲ. ಹಳ್ಳಿಯ ತಂಟೆ ತಕರಾರನ್ನು ಗೌಡ, ಕುಲಕರ್ಣಿ, ಹಿರಿಯರು ಕೂತು ಬಗೆಹರಿಸುತ್ತಿದ್ದರು. ಪೇಟೆಯಲ್ಲಿ ಖಾಜಿ ಇದ್ದ. ದೊಡ್ಡವರ ಮೇಲಿನ ಆರೋಪಕ್ಕೆ ಸುಲ್ತಾನನ ಬಾಯಿಮಾತೇ ಕೊನೆ.

ಅಧಿಕಾರ ಕಳೆದುಕೊಂಡ ಸರದಾರರು ಹಿಡಿದದ್ದು ಇದೇ ಸಂದನ್ನು. ಗಾವಾನನ ಮೊಹರು ಕಾಯುತ್ತಿದ್ದವನನ್ನು ಒಲಿಸಿಕೊಂಡು ಖಾಲಿ ಕಾಗದಕ್ಕೆ ಮೊಹರು ಒತ್ತಿಸಿದರು. ಅದರ ಮೇಲೆ, ದಂಡೆತ್ತಿ ಬಾ ಎಂದು ಒಡಿಶಾದ ರಾಜನನ್ನು ಕರೆಯುವ ಪತ್ರ ಬರೆದರು. ಕುಡಿದ ಅಮಲಿನಲ್ಲಿದ್ದ ಸುಲ್ತಾನ ಪತ್ರ ತೋರಿಸಿ ಕೇಳಿದ. ಮೊಹರು ನನ್ನದು, ಪತ್ರ ನನ್ನದಲ್ಲ ಎಂದ ಮುದಿ ಮಂತ್ರಿ. ಸಾಕ್ಷಿ ಇಲ್ಲ, ವಿಚಾರಣೆ ಇಲ್ಲ. 1481ರ ಏಪ್ರಿಲ್ 5ರಂದು ಸುಲ್ತಾನ ಗಾವಾನನ ತಲೆ ಕಡಿಸಿದ.

ಇಂಗ್ಲೆಂಡಿನಲ್ಲೂ ಇದೇ ಆಯಿತು. ಎಂಟನೆಯ ಹೆನ್ರಿಯ ಆಡಳಿತವನ್ನು ಹೊಸದಾಗಿ ಕಟ್ಟಿದ ಮಂತ್ರಿ ಥಾಮಸ್ ಕ್ರಾಮ್‌ವೆಲ್‌ನನ್ನು ನ್ಯಾಯಾಲಯದ ವಿಚಾರಣೆಯೇ ಇಲ್ಲದೆ 1540ರಲ್ಲಿ ಶಿರಚ್ಛೇದ ಮಾಡಿದರು.

ಗಾವಾನ ಸತ್ತ ಮರುವರ್ಷವೇ ಸುಲ್ತಾನನೂ ತೀರಿಕೊಂಡ. ತರಫ್‌ದಾರರು ಒಬ್ಬೊಬ್ಬರಾಗಿ ಸ್ವತಂತ್ರರಾದರು. 1490ರಲ್ಲಿ ಯೂಸುಫ್ ಆದಿಲ್ ಖಾನ್ ವಿಜಯಪುರದಲ್ಲಿ ತನ್ನದೇ ರಾಜ್ಯ ಕಟ್ಟಿದ. ಸೊಲ್ಲಾಪುರದ ಕೋಟೆಗಾಗಿ ವಿಜಯಪುರಕ್ಕೂ ಅಹಮದನಗರಕ್ಕೂ ದಶಕಗಟ್ಟಲೆ ಕಾದಾಟ ನಡೆಯಿತು. ಕೊನೆಗೆ ರಕ್ಕಸ-ತಂಗಡಿ ಯುದ್ಧಕ್ಕೆ ಸ್ವಲ್ಪ ಮೊದಲು, ಅಹಮದನಗರದ ಚಾಂದ್ ಬೀಬಿ ವಿಜಯಪುರದ ಅಲಿ ಆದಿಲ್ ಶಾಹನನ್ನು ಮದುವೆಯಾದಾಗ, ಆ ಕೋಟೆ ವರದಕ್ಷಿಣೆಯಾಗಿ ವಿಜಯಪುರಕ್ಕೆ ಹೋಯಿತು.