ಗಾಜಿನ ತೊಟ್ಟಿಯಲ್ಲಿ ಮೀನಿನ ಹಿಂಡು

ಧಾರವಾಡ ಜಿಲ್ಲೆಯ ಕುಂದಗೋಳ ತಾಲೂಕಿನ ಸಂಶಿಯು ಎರೆಮಣ್ಣಿನ ಊರು. ಹತ್ತಿ, ಜೋಳ, ಮೆಣಸಿನಕಾಯಿ ಇಲ್ಲಿಯ ಸಿರಿ. ಕಡಲು ಇಲ್ಲಿಂದ ನೂರು ಕಿಲೊಮೀಟರಿಗೂ ದೂರ. ನಡುವೆ ಸಹ್ಯಾದ್ರಿಯ ಸಾಲು. ಇಂತಹ ಊರಿನ ಮನೆಯೊಂದರಲ್ಲಿ ಕಡಲ ಮೀನುಗಳನ್ನು ಸಾಕಲು ನಾವು ಹೊರಟಾಗ ನಕ್ಕವರೇ ಹೆಚ್ಚು. ಆ ನಗೆಯಲ್ಲಿ ನ್ಯಾಯವಿರಲಿಲ್ಲವೆಂದು ಹೇಳಲಾರೆವು. ಕಡಲ ನೀರಿನ ಪ್ರತಿ ಲೀಟರಿನಲ್ಲಿ ಸುಮಾರು 35 ಗ್ರಾಂ ಲವಣಗಳಿರುತ್ತವೆ. 200 ಲೀಟರಿನ ತೊಟ್ಟಿಗೆ 7 ಕಿಲೊಗ್ರಾಂ ಲವಣ ಬೇಕು. ಅದೂ ಅಡಿಗೆಯ ಉಪ್ಪಲ್ಲ, ಮೆಗ್ನೀಸಿಯಂ, ಕ್ಯಾಲ್ಸಿಯಂ ಮೊದಲಾದವು ತಕ್ಕ ಪ್ರಮಾಣದಲ್ಲಿ ಕೂಡಿದ ಮಿಶ್ರಲವಣ. ಬೇಸಿಗೆಯಲ್ಲಿ ನೀರು ಆವಿಯಾದಂತೆ ಲವಣ ಉಳಿದು ನೀರು ದಿನೇ ದಿನೇ ಗಡುಸಾಗುವುದು. ಆಗ ಸಿಹಿನೀರನ್ನೇ ತುಂಬಬೇಕು. ಮೀನು ಬಿಡುವ ಮೊದಲು ನಾಲ್ಕಾರು ವಾರ ಕಾಯಬೇಕು. ಮೀನಿನ ಮಲಮೂತ್ರಗಳಿಂದ ಹುಟ್ಟುವ ಅಮೋನಿಯವನ್ನು ನೈಟ್ರೈಟಾಗಿಯೂ ಅದನ್ನು ನೈಟ್ರೇಟಾಗಿಯೂ ಮಾರ್ಪಡಿಸುವ ಬ್ಯಾಕ್ಟೀರಿಯಗಳು ಕಲ್ಲುಗಳ ಮೇಲೆ ನೆಲಸಲು ಅಷ್ಟು ಕಾಲ ಹಿಡಿಯುತ್ತದೆ. ಇವೆಲ್ಲವೂ ತಾಳ್ಮೆಯಿಂದ ಸಾಧಿಸಬಹುದಾದ ಕೆಲಸಗಳು. ನಾವು ಎಡವಿದ್ದು ಬೇರೆಡೆಯಲ್ಲಿ.

ನಮಗೆ ಬೇಕಾಗಿದ್ದುದು ಹಿಂಡು. ಚಳಿಗಾಲದಲ್ಲಿ ಜೋಳದ ಹೊಲಗಳ ಮೇಲೆ ಸಾವಿರಾರು ಗುಲಾಬಿ ಕಬ್ಬಕ್ಕಿಗಳು ಒಂದೇ ದೇಹವೆಂಬಂತೆ ಹೊರಳುವುದನ್ನು ನೋಡಿದವರಿಗೆ, ಅಂತಹ ಒಂದು ತುಣುಕನ್ನು ಮನೆಯೊಳಗೆ ನೀರಿನಲ್ಲಿ ಕಾಣುವ ಆಸೆ ಸಹಜವಲ್ಲವೆ? ಆದುದರಿಂದ ಬೆಂಗಳೂರಿನ ಅಂಗಡಿಯೊಂದರಿಂದ ಐದು ಹಸಿರು ಕ್ರೋಮಿಸ್ ಮೀನುಗಳನ್ನು ರಾತ್ರಿಯ ರೈಲಿನಲ್ಲಿ ತಂದೆವು. ಲಕ್ಷದ್ವೀಪದ ಹವಳದಿಣ್ಣೆಗಳ ಮೇಲೆ ಇವು ದೊಡ್ಡ ದೊಡ್ಡ ಗುಂಪುಗಳಾಗಿ ತೇಲುತ್ತ, ನೀರಿನಲ್ಲಿ ಬರುವ ಸೂಕ್ಷ್ಮಜೀವಿಗಳನ್ನು ತಿನ್ನುತ್ತಿರುತ್ತವೆ; ಅಪಾಯ ಕಂಡೊಡನೆ ಎಲ್ಲವೂ ಹವಳದ ಕೊಂಬೆಗಳೊಳಗೆ ನುಸುಳಿ ಮಾಯವಾಗುತ್ತವೆ. ಬೆರಳುದ್ದದ ದೇಹ, ಬೆಳಕು ಬಿದ್ದಾಗ ತಿಳಿಹಸಿರೋ ತಿಳಿನೀಲಿಯೋ ಎಂದು ಹೇಳಲಾಗದ ಹೊಳಪು.

ಮೊದಲ ವಾರ ಐದೂ ಒಂದು ಮೂಲೆಯಲ್ಲಿ ಒತ್ತಾಗಿ ನಿಂತವು. ಒಂದು ತಿರುಗಿದರೆ ಎಲ್ಲವೂ ತಿರುಗುತ್ತಿದ್ದವು. ನೆರೆಹೊರೆಯವರು ಬಂದು ನೋಡಿದರು; ನಾವೂ ಬೀಗಿದೆವು. ಮೂರನೆಯ ವಾರಕ್ಕೆ ನಡುವಣ ಅಂತರ ಹೆಚ್ಚಿತು. ಎಲ್ಲಕ್ಕಿಂತ ದೊಡ್ಡದಾದ ಮೀನು ಎಲ್ಲಕ್ಕಿಂತ ಚಿಕ್ಕದನ್ನು ಅಟ್ಟತೊಡಗಿತು. ಚಿಕ್ಕದರ ರೆಕ್ಕೆಗಳು ಹರಿದವು. ಅದು ನೀರಿನ ಕೊಳವೆಯ ಹಿಂದೆ ಅಡಗಿ, ಊಟಕ್ಕೂ ಬಾರದೆ, ಒಂದು ಬೆಳಗ್ಗೆ ಸತ್ತುಬಿದ್ದಿತು. ಇನ್ನು ಶಾಂತಿ ನೆಲಸಿತೆಂದುಕೊಂಡೆವು. ಆದರೆ ಉಳಿದ ನಾಲ್ಕರಲ್ಲಿ ಚಿಕ್ಕದಾದುದು ಆ ಸ್ಥಾನಕ್ಕೆ ಬಂದಿತು. ಆರನೆಯ ತಿಂಗಳಿಗೆ ತೊಟ್ಟಿಯಲ್ಲಿ ಉಳಿದದ್ದು ಒಂದೇ ಮೀನು. ಬೆಸ ಸಂಖ್ಯೆಯಲ್ಲಿ ತಂದರೆ ಜಗಳವಿಲ್ಲವೆಂದು ಹೇಳುವವರುಂಟು. ನಮ್ಮ ಐದೂ ಬೆಸವೇ ಆಗಿತ್ತು!

ಕ್ರೋಮಿಸ್ ಸತ್ತಾಗಲೆಲ್ಲ ಜಗಳವೇ ಕಾರಣವೆನ್ನುವಂತಿಲ್ಲ. ಯೂರೊನೀಮಾ ಎಂಬ ಏಕಕೋಶಜೀವಿಯು ಈ ಜಾತಿಯ ಮೀನುಗಳ ಮೈಮೇಲೆ ಕೆಂಪು ಹುಣ್ಣುಗಳನ್ನೆಬ್ಬಿಸಿ ಕೊಲ್ಲುವುದುಂಟು. ಹೊಸ ಮೀನುಗಳನ್ನು ಕೆಲವು ವಾರ ಬೇರೆ ತೊಟ್ಟಿಯಲ್ಲಿಟ್ಟು ನೋಡಬೇಕೆನ್ನುವುದು ಇದಕ್ಕಾಗಿಯೇ. ನಮ್ಮ ಮೀನುಗಳ ಮೈಮೇಲೆ ಹುಣ್ಣಿರಲಿಲ್ಲ, ಕಚ್ಚಿದ ಗುರುತುಗಳಿದ್ದವು.

ಹಾಗಾದರೆ ಕಡಲಿನಲ್ಲಿ ಕೂಡಿ ಬಾಳುವ ಮೀನು ತೊಟ್ಟಿಯಲ್ಲೇಕೆ ಕೊಲೆಗಡುಕನಾಯಿತು? ಇದಕ್ಕೆ ಉತ್ತರ ಬೇಕಾದರೆ ಮೀನುಗಳು ಗುಂಪುಗೂಡುವುದೇಕೆ ಎಂಬುದನ್ನು ಮೊದಲು ಕೇಳಬೇಕು. 1971ರಲ್ಲಿ ಇಂಗ್ಲೆಂಡಿನ ಜೀವವಿಜ್ಞಾನಿ ಡಬ್ಲ್ಯು. ಡಿ. ಹ್ಯಾಮಿಲ್ಟನ್ ಒಂದು ಕಲ್ಪನೆಯ ಕೊಳವನ್ನು ಮುಂದಿಟ್ಟನು. ದುಂಡನೆಯ ಕೊಳ, ದಂಡೆಯ ಸುತ್ತ ಕಪ್ಪೆಗಳು, ನೀರಿನೊಳಗೆ ಒಂದು ಹಾವು. ಹಾವು ಎಲ್ಲಿ ತಲೆಯೆತ್ತುವುದೋ ತಿಳಿಯದು, ಆದರೆ ಎತ್ತಿದಾಗ ತನಗೆ ಅತಿ ಸಮೀಪವಾದ ಕಪ್ಪೆಯನ್ನೇ ಹಿಡಿಯುತ್ತದೆ. ಒಂಟಿಯಾಗಿ ಕುಳಿತ ಕಪ್ಪೆಯ ಎರಡೂ ಬದಿಗೆ ಅಪಾಯದ ದಂಡೆ ಉದ್ದವಾಗಿರುತ್ತದೆ. ಅದು ಜಿಗಿದು ಬೇರೆ ಎರಡು ಕಪ್ಪೆಗಳ ನಡುವೆ ಕುಳಿತರೆ ತನ್ನ ಪಾಲಿನ ಅಪಾಯ ಕುಗ್ಗುತ್ತದೆ. ಎಲ್ಲ ಕಪ್ಪೆಗಳೂ ಹೀಗೆ ಮಾಡಲು, ಪರಸ್ಪರ ಸ್ನೇಹದ ಲೇಶವೂ ಇಲ್ಲದೆ, ಕಪ್ಪೆಗಳ ರಾಶಿಗಳು ತಾವಾಗಿಯೇ ಏಳುತ್ತವೆ. ಪ್ರತಿಯೊಂದೂ ಇನ್ನೊಂದನ್ನು ಗುರಾಣಿಯಾಗಿ ಹಿಡಿದಿರುತ್ತದೆ, ಅಷ್ಟೆ.

ನಮ್ಮ ಮೊದಲ ವಾರದ ಸೊಗಸಾದ ಹಿಂಡು ಭಯದ ಹಿಂಡಾಗಿತ್ತು. ತೊಟ್ಟಿಯಲ್ಲಿ ಬೇಟೆಗಾರನಿಲ್ಲವೆಂದು ತಿಳಿದ ದಿನವೇ ಗುರಾಣಿಯ ಅಗತ್ಯ ತೀರಿತು, ಉಳಿದದ್ದು ಸ್ಪರ್ಧೆ. ಆಹಾರ ಬೀಳುವುದು ಒಂದೇ ಕಡೆ, ಅಡಗುವ ಜಾಗ ಒಂದೆರಡು, ಓಡಿದರೆ ಎದುರಿಗೆ ಗಾಜು. 1922ರಲ್ಲಿ ನಾರ್ವೆಯ ಷೆಲ್ಡೆರುಪ್ ಎಬ್ಬೆ ಎಂಬುವನು ಕೋಳಿಗಳಲ್ಲಿ ಯಾವುದು ಯಾವುದನ್ನು ಕುಕ್ಕಬಹುದು ಎಂಬ ಮೇಲುಕೀಳಿನ ಕ್ರಮವಿದೆಯೆಂದು ತೋರಿಸಿದನು. ಹಿತ್ತಲಲ್ಲಿ ಕೋಳಿ ಸಾಕಿದವರೆಲ್ಲರಿಗೂ ಅದು ಗೊತ್ತಿದ್ದ ವಿಷಯವೇ. ಸೋತ ಕೋಳಿ ಬೇಲಿಯಾಚೆ ಓಡಬಲ್ಲದು. ಹವಳದಿಣ್ಣೆಯ ಮೀನು ಪಕ್ಕದ ಹವಳಕ್ಕೆ ಹೋಗಬಲ್ಲದು. ತೊಟ್ಟಿಯ ಮೀನಿಗೆ ಅಂತಹ ಪಕ್ಕದ ಊರಿಲ್ಲ.

ಇಲ್ಲಿ ಎರಡು ಬಗೆಯ ಕೂಟಗಳನ್ನು ಬೇರ್ಪಡಿಸಿ ನೋಡಬೇಕು. ಒಂದು ಸಂತೆಯ ಗುಂಪು: ಹತ್ತಿರವಿದ್ದರೂ ಅವರವರ ಮುಖ ಅವರವರ ಕಡೆಗೆ. ಇನ್ನೊಂದು ಕವಾಯತಿನ ಪಡೆ: ಒಂದೇ ದಿಕ್ಕು, ಒಂದೇ ವೇಗ. ನಮ್ಮ ಕರಾವಳಿಯ ಬಂಗುಡೆ, ಬೂತಾಯಿಗಳು ಎರಡನೆಯ ಬಗೆಯವು. ಕಣ್ಣಿನ ಜೊತೆಗೆ, ಮೈಯ ಎರಡೂ ಪಕ್ಕಗಳಲ್ಲಿರುವ ಪಾರ್ಶ್ವರೇಖೆಯೆಂಬ ಇಂದ್ರಿಯವು ನೆರೆಯ ಮೀನು ಎಬ್ಬಿಸಿದ ಅಲೆಗಳನ್ನು ಗ್ರಹಿಸುವುದು. 1976ರಲ್ಲಿ ಪ್ರಕಟವಾದ ಪ್ರಯೋಗವೊಂದರಲ್ಲಿ, ತಾತ್ಕಾಲಿಕವಾಗಿ ಕಣ್ಣು ಮುಚ್ಚಲಾದ ಮೀನು ಸಹ ಪಡೆಯಲ್ಲಿ ತನ್ನ ಸ್ಥಾನ ಕಾಯ್ದುಕೊಂಡಿತು. ಇಂತಹವು ನಮ್ಮ ತೊಟ್ಟಿಗಳಿಗೆ ಹೇಳಿಸಿದವಲ್ಲ. ಅವುಗಳ ಹಾದಿ ಮುಗಿಯುವಲ್ಲಿ ಗೋಡೆಯಿರಬಾರದು. ಮನೆಯಲ್ಲಿ ಸಾಧ್ಯವಾದುದು ಸಂತೆಯ ಗುಂಪು ಮಾತ್ರ.

ಅಂಗಡಿಗಳಲ್ಲಿ ಪಟ್ಟೆಯ ಹಾವುಮೀಸೆಮೀನಿನ ಮರಿಗಳು ಕಪ್ಪು ಚೆಂಡಿನಂತೆ ಉರುಳಾಡುವುದನ್ನು ಕಂಡು ಮರುಳಾಗುವವರುಂಟು. ಪ್ಲೊಟೋಸಸ್ ಲಿನಿಯೇಟಸ್ ಎಂಬ ಈ ಮೀನು ಒಂದು ಅಡಿಯಷ್ಟು ಬೆಳೆಯುತ್ತದೆ. ಅದರ ಮುಳ್ಳುಗಳಲ್ಲಿ ವಿಷವಿದೆ. ಬೆಳೆದ ಮೇಲೆ ಚೆಂಡು ಒಡೆಯುತ್ತದೆ. ಮರಿಯ ಗುಣವನ್ನು ನೋಡಿ ಮೀನು ಕೊಳ್ಳಬಾರದು.

ಆಂಥಿಯಸ್ ಮೀನುಗಳ ಕೂಟ ಇನ್ನೂ ವಿಚಿತ್ರ. ಒಂದು ಗಂಡು, ಹಲವು ಹೆಣ್ಣು. ಗಂಡು ಸತ್ತರೆ ಹೆಣ್ಣುಗಳಲ್ಲಿ ಬಲಿಷ್ಠವಾದುದು ಕೆಲವೇ ವಾರಗಳಲ್ಲಿ ಬಣ್ಣ ಬದಲಿಸಿ ಗಂಡಾಗಿ ಪರಿವರ್ತನೆ ಹೊಂದುವುದು! ಕೋಡಂಗಿ ಮೀನಿನಲ್ಲಿ ಇದು ತಿರುವುಮುರುವು. ಕಡಲಹೂವಿನ ಒಡತಿಯಾದ ಹೆಣ್ಣು ಸತ್ತರೆ ಅದರ ಗಂಡೇ ಹೆಣ್ಣಾಗುವುದನ್ನು ಜರ್ಮನಿಯ ಹಾನ್ಸ್ ಫ್ರಿಕೆಯು 1977ರಲ್ಲಿ ವಿವರಿಸಿದನು. ಇವುಗಳಲ್ಲಿ ಕೂಟವೆಂದರೆ ಸರದಿಯ ಸಾಲು. ಆಂಥಿಯಸ್‌ಗೆ ದಿನಕ್ಕೆ ಹಲವು ಬಾರಿ ಆಹಾರ ಬೇಕು, ನಮ್ಮದರ ಇಮ್ಮಡಿ ತೊಟ್ಟಿಯೂ ಬೇಕು. ಶಾಲೆಗೆ ಹೋಗುವವರಿಗೆ ಅದು ಸಲ್ಲದು. ಕೋಡಂಗಿ ಮೀನನ್ನು ಜೋಡಿಯಾಗಿಯೇ ಇಡುವುದು ಲೇಸು. ಮೂರನೆಯದು ಹೊಡೆತ ತಿನ್ನುವುದಕ್ಕೇ ಬಂದಂತೆ. ತಮಿಳುನಾಡಿನ ಮಂಡಪಂನಲ್ಲಿರುವ ಕೇಂದ್ರ ಸಾಗರ ಮತ್ಸ್ಯ ಸಂಶೋಧನಾ ಸಂಸ್ಥೆಯ ಕೇಂದ್ರದಲ್ಲಿ ಇವುಗಳನ್ನು ಮರಿಮಾಡಿಸಿ ಬೆಳೆಸುವ ವಿಧಾನವನ್ನು ರೂಪಿಸಿದ್ದಾರೆ. ತೊಟ್ಟಿಯಲ್ಲೇ ಹುಟ್ಟಿದ ಮೀನನ್ನು ಕೇಳಿ ಪಡೆದರೆ ಹವಳದಿಣ್ಣೆಯಿಂದ ಒಂದು ಮೀನು ಕಡಿಮೆಯಾಗುವುದು ತಪ್ಪುವುದು. ಹವಳವನ್ನಾಗಲಿ ಕಡಲಕುದುರೆಯನ್ನಾಗಲಿ ಕೊಳ್ಳುವ ಮಾತೇ ಬೇಡ; 2001ರಿಂದ ಅವು ವನ್ಯಜೀವಿ ಕಾನೂನಿನ ರಕ್ಷಣೆಯಲ್ಲಿವೆ.

ನಮಗೆ ಕೊನೆಗೆ ಒದಗಿದವು ಕಾರ್ಡಿನಲ್ ಮೀನುಗಳು. ಇವುಗಳಲ್ಲಿಯೂ ವಿವೇಚನೆ ಬೇಕು. ಇಂಡೊನೇಷಿಯದ ಬಂಗಾಯ್ ದ್ವೀಪಗಳ ಕಾರ್ಡಿನಲ್ ನೋಡಲು ಬಲು ಚೆಲುವು. ತಂದೆಯೇ ಮೊಟ್ಟೆಗಳನ್ನು ಬಾಯಲ್ಲಿಟ್ಟು ವಾರಗಟ್ಟಲೆ ಉಪವಾಸವಿರುತ್ತಾನೆ. ಆದರೆ ತೊಟ್ಟಿಯಲ್ಲಿ ಒಂದು ಜೋಡಿ ಕೂಡಿದೊಡನೆ ಉಳಿದವುಗಳನ್ನು ಅಟ್ಟಿಬಿಡುತ್ತದೆ. ಅಲ್ಲದೆ ಅತಿಯಾದ ಹಿಡಿತದಿಂದ ಅದು 2007ರಲ್ಲಿ ಅಳಿವಿನಂಚಿನ ಪಟ್ಟಿಗೆ ಸೇರಿತು. ಪೈಜಾಮ ಕಾರ್ಡಿನಲ್ ಎಂಬ ಚುಕ್ಕೆಬಾಲದ ಜಾತಿ ಇದಕ್ಕಿಂತ ಸಾಧು. ಇರುಳಲ್ಲಿ ಮೇಯುವ ಈ ಮೀನು ಹಗಲಲ್ಲಿ ಕಲ್ಲಿನ ನೆರಳಲ್ಲಿ ಸುಮ್ಮನೆ ತೇಲುತ್ತಿರುತ್ತದೆ. ಸಮಾನ ಗಾತ್ರದ ನಾಲ್ಕನ್ನು ಒಂದೇ ದಿನ ಬಿಟ್ಟೆವು. ಒಂದು ಇನ್ನೊಂದರ ಕಣ್ಣಿಗೆ ಸದಾ ಬೀಳದಂತೆ ಕಲ್ಲುಗಳನ್ನು ಜೋಡಿಸಿದೆವು. ಆಹಾರವನ್ನು ಎರಡು ಕಡೆ ಹಾಕಿದೆವು. ಹಳೆಯ ಕ್ರೋಮಿಸ್ ಮೊದಲು ಗುರುಗುಟ್ಟಿ ಬಳಿಕ ಸುಮ್ಮನಾಯಿತು.

ನಾಲ್ಕೂ ಇಂದಿಗೂ ಇವೆ. ಆದರೆ ಅವು ಹಿಂಡಿನಂತೆ ಕಾಣುವುದು ಅಪರೂಪ. ಒಂದೊಂದೂ ಮೊಳದಂತರದಲ್ಲಿ ನಿಂತಿರುತ್ತದೆ. ಕಳೆದ ಬೇಸಿಗೆಯ ಒಂದು ಸಂಜೆ ನೆರೆಮನೆಯ ಬೆಕ್ಕು ತೊಟ್ಟಿಯ ಮುಚ್ಚಳದ ಮೇಲೆ ಹತ್ತಿ ಕುಳಿತಿತು. ನೆರಳು ಬಿದ್ದ ಕ್ಷಣದಲ್ಲಿಯೇ ನಾಲ್ಕು ಕಾರ್ಡಿನಲ್‌ಗಳೂ, ಅವುಗಳ ನಡುವೆ ನುಸುಳಿದ ಆ ಒಂಟಿ ಕ್ರೋಮಿಸ್ಸೂ, ಒಂದು ಮುಷ್ಟಿಯಷ್ಟು ಜಾಗದಲ್ಲಿ ಒಟ್ಟಾದವು. ಬೆಕ್ಕನ್ನು ಓಡಿಸಿದ ಮೇಲೆ, ಗಡಿಯಾರ ನೋಡಿ ಹೇಳುವುದಾದರೆ, ಅವು ಮತ್ತೆ ಚದುರಲು ಹನ್ನೊಂದು ನಿಮಿಷ ಹಿಡಿಯಿತು.