ಕುಂಟುವ ಕೋಳಿಗೆ ಮಾತ್ರೆ ಏಕೆ ಸಾಲದು

ಬೆಂಗಳೂರಿನ ಗಂಗಾನಗರ, ಆರ್.ಟಿ. ನಗರದ ಕಡೆ ತಾರಸಿಯಲ್ಲೋ ಮನೆ ಪಕ್ಕದ ಸಂದಿಯಲ್ಲೋ ನಾಲ್ಕಾರು ಕೋಳಿ ಸಾಕುವವರು ಒಂದು ಕಾಯಿಲೆಯನ್ನು ತಡವಾಗಿಯೇ ಗುರುತಿಸುತ್ತಾರೆ. ಹೇಂಟೆ ಮೇವು ತಿನ್ನುತ್ತಿರುತ್ತದೆ, ಮೊಟ್ಟೆಯನ್ನೂ ಇಡುತ್ತಿರುತ್ತದೆ, ಒಂದು ಕಾಲನ್ನು ಮಾತ್ರ ಊರಲು ಹಿಂಜರಿಯುತ್ತದೆ. ಹಿಡಿದು ಅಂಗಾಲು ತಿರುಗಿಸಿದರೆ ನಟ್ಟನಡುವೆ ಕಪ್ಪು ಹಕ್ಕಳೆ, ಅದರ ಸುತ್ತ ಬಿಸಿಯಾದ ಕೆಂಪು ಊತ. ಬಂಬಲ್‌ಫುಟ್ ಎಂದು ಪಶುವೈದ್ಯರು ಕರೆಯುವುದು ಇದನ್ನೇ. ಸಾಕಿದವರು ಮೊದಲು ಓಡುವುದು ಆ್ಯಂಟಿಬಯಾಟಿಕ್ ಮಾತ್ರೆಗಾಗಿ ಔಷಧದ ಅಂಗಡಿಗೆ. ಓಡಬೇಕಾದ್ದು ಆ ಕಡೆಗಲ್ಲ. ಈ ಕುರುವಿನ ಕಾರಣ ಕೋಳಿ ನಿಲ್ಲುವ ನೆಲದಲ್ಲಿ ಮತ್ತು ರಾತ್ರಿ ಕೂರುವ ಅಡ್ಡಗೋಲಿನಲ್ಲಿದೆ.

ಕೀವು ಮಾಡುವ ಮುಖ್ಯ ಸೂಕ್ಷ್ಮಾಣು ಸ್ಟೆಫೈಲೊಕಾಕಸ್ ಆರಿಯಸ್. ಅದು ಹೊರಗಿನಿಂದ ದಾಳಿಯಿಡುವ ಶತ್ರುವಲ್ಲ. ಆರೋಗ್ಯವಂತ ಕೋಳಿಯ ಚರ್ಮದ ಮೇಲೂ ನಮ್ಮ ಮೂಗಿನೊಳಗೂ ಇರುತ್ತದೆ. ಎಡಿನ್‌ಬರೊ ವಿಶ್ವವಿದ್ಯಾಲಯದ ಸಂಶೋಧಕರು 2009ರಲ್ಲಿ ಪ್ರಕಟಿಸಿದ ಅಧ್ಯಯನದ ಪ್ರಕಾರ, ಬ್ರಾಯ್ಲರ್ ಕೋಳಿಗಳಲ್ಲಿ ವ್ಯಾಪಕವಾಗಿ ಹರಡಿರುವ ಇದರ ಒಂದು ವಂಶ ಆಗಿನಿಂದ ಸುಮಾರು ನಲವತ್ತು ವರ್ಷಗಳ ಹಿಂದೆಯಷ್ಟೇ ಮನುಷ್ಯರಿಂದ ಕೋಳಿಗೆ ದಾಟಿದ್ದು. ಅಂದರೆ ಗೂಡಿನಿಂದ ಈ ಸೂಕ್ಷ್ಮಾಣುವನ್ನು ಪೂರ್ತಿ ಓಡಿಸುತ್ತೇವೆಂಬ ಆಸೆಯೇ ವ್ಯರ್ಥ. ಅಂಗಾಲಿನ ಚರ್ಮ ಗಟ್ಟಿಯಾಗಿರುವತನಕ ಅದು ಒಳಗೆ ಇಳಿಯದು. ಚರ್ಮ ಸೋಲುವುದು ಒತ್ತಡಕ್ಕೆ ಮತ್ತು ತೇವಕ್ಕೆ: ಒರಟು ಸಿಮೆಂಟ್ ತಾರಸಿ, ತಂತಿ ಬಲೆಯ ನೆಲ, ಅಡ್ಡಗೋಲಿನ ಬದಲು ಕಟ್ಟಿದ ಕಬ್ಬಿಣದ ಪೈಪು, ಎತ್ತರದಿಂದ ದಿನವೂ ಧುಮುಕುವುದು, ಮಳೆಗಾಲದಲ್ಲಿ ಹಿಕ್ಕೆಯೊಂದಿಗೆ ಕಲಸಿ ಕೆಸರಾದ ಹೊಟ್ಟು. ಮೇವಿನಲ್ಲಿ ಎ ಜೀವಸತ್ವ, ಬಯೋಟಿನ್ ಕಡಿಮೆಯಾದರೂ ಚರ್ಮ ಬಿರಿಯುತ್ತದೆ.

ಹಳ್ಳಿಯಲ್ಲಿ ಕಲ್ಲು ಮುಳ್ಳಿನ ಮೇಲೆ ಓಡಾಡುವ ನಾಟಿ ಕೋಳಿಗೆ ಇದೇಕೆ ಬರುವುದಿಲ್ಲ ಎಂದು ಕೇಳಬಹುದು. ಬರುವುದೇ ಇಲ್ಲವೆಂದಲ್ಲ, ಆದರೆ ಅದು ಹಗುರ ಹಕ್ಕಿ. ದಿನವಿಡೀ ಮಣ್ಣು ಕೆದರುತ್ತ ಅಲೆಯುತ್ತದೆ. ಹೆಬ್ಬಾಳದ ಪಶುವೈದ್ಯಕೀಯ ಕಾಲೇಜಿನಲ್ಲಿ ರೂಪುಗೊಂಡ ಗಿರಿರಾಜ, 2005ರಲ್ಲಿ ಬಂದ ಸ್ವರ್ಣಧಾರಾ ಬೇರೆ ಮೈಕಟ್ಟಿನವು. ಸ್ವರ್ಣಧಾರಾ ಹೇಂಟೆ ಸುಮಾರು 3 ಕಿಲೊ, ಹುಂಜ 4 ಕಿಲೊ ತೂಗುತ್ತದೆ. ಹಿತ್ತಲಿಗೆಂದೇ ಬೆಳೆಸಿದ ಒಳ್ಳೆಯ ತಳಿಗಳಿವು, ತಳಿಯನ್ನು ದೂರುವುದು ಸಲ್ಲ. ಆದರೆ ಅಷ್ಟು ಭಾರವನ್ನು ನಾಲ್ಕಡಿ ಎತ್ತರದ ಪೈಪಿನಿಂದ ದಿನವೂ ಸಿಮೆಂಟಿಗೆ ಇಳಿಸಿದರೆ ಅಂಗಾಲು ಎಷ್ಟು ದಿನ ತಾಳೀತು?

ಇನ್ನು ಮಾತ್ರೆಯ ಮಾತು. ನಮ್ಮ ಕೀವು ನೀರಾಗಿ ಹರಿಯುತ್ತದೆ, ಕೋಳಿಯದು ಹಾಗಲ್ಲ. ಸೋಂಕಿಗೆ ಮೊದಲು ಧಾವಿಸುವ ನಮ್ಮ ಬಿಳಿ ರಕ್ತಕಣಗಳು ಸತ್ತ ಅಂಗಾಂಶವನ್ನು ಕರಗಿಸುತ್ತವೆ. ಹಕ್ಕಿಗಳಲ್ಲಿ ಆ ಕೆಲಸದ ಹೆಟರೊಫಿಲ್ ಎಂಬ ಕಣಗಳಿಗೆ ಅಂಥ ಕರಗಿಸುವ ಶಕ್ತಿ ಇಲ್ಲ. ನಮ್ಮ ಕಣಗಳಲ್ಲಿರುವ ಮೈಲೊಪೆರಾಕ್ಸಿಡೇಸ್ ಎಂಬ ಕಿಣ್ವವೂ ಅವುಗಳಲ್ಲಿ ಇಲ್ಲ. ಹೀಗಾಗಿ ಕೀವು ಅಲ್ಲೇ ಒಣಗಿ, ಹಳದಿ ಗಿಣ್ಣಿನಂತೆ ಗಡ್ಡೆಕಟ್ಟುತ್ತದೆ. ಆ ಗಡ್ಡೆಗೆ ರಕ್ತನಾಳವಿಲ್ಲ. ನುಂಗಿಸಿದ ಔಷಧ ರಕ್ತದಲ್ಲಿ ಸುತ್ತಿ ಗಡ್ಡೆಯ ಅಂಚಿಗೆ ಬಂದು ನಿಲ್ಲುತ್ತದೆ. ಸೂಕ್ಷ್ಮಾಣು ಒಳಗೆ ಹಾಯಾಗಿರುತ್ತದೆ. ಹೊರಗಿನಿಂದ ಅರಿಶಿನ, ಬೇವಿನೆಣ್ಣೆ ಹಚ್ಚಿದರೂ ಅದೇ ಕತೆ, ಹಕ್ಕಳೆ ದಾಟುವುದಿಲ್ಲ. ಜೊತೆಗೆ ಮೊಟ್ಟೆಯಲ್ಲಿ ಔಷಧದ ಉಳಿಕೆ ಸೇರುತ್ತದೆ, ಅದನ್ನು ತಿನ್ನುವವರು ಮನೆಯ ಮಕ್ಕಳು.

ಹಾಗಾದರೆ ಬ್ಲೇಡು ಹಿಡಿದು ಗಡ್ಡೆಯನ್ನು ನಾವೇ ಕಿತ್ತರಾಯಿತಲ್ಲ ಎನ್ನುವವರಿದ್ದಾರೆ. ಬೇಡ. ಅಂಗಾಲಿನ ಚರ್ಮದ ಕೆಳಗೇ ಸ್ನಾಯುರಜ್ಜು, ಅದಕ್ಕಂಟಿಕೊಂಡು ಮೂಳೆ ಮತ್ತು ಕೀಲು. ಅರಿವಳಿಕೆಯಿಲ್ಲದೆ ಕೊಯ್ದರೆ ನೋವಂತೂ ಸರಿಯೇ, ಸೋಂಕನ್ನು ಕೀಲಿಗೆ ನಾವೇ ತಳ್ಳಿದಂತಾಗುತ್ತದೆ. ಬರೀ ಕೆಂಪಾಗಿ, ಚರ್ಮ ಸವೆದಿರುವ ಹಂತದಲ್ಲಿ ಮನೆ ಉಪಚಾರ ಸಾಕು: ಕೈಗವಸು ತೊಟ್ಟು ಬೆಚ್ಚಗಿನ ನೀರಿನಲ್ಲಿ ಕಾಲು ನೆನೆಸಿ, ತೊಳೆದು ಒರೆಸಿ, ಪೊವಿಡೋನ್ ಅಯೋಡಿನ್ ಹಚ್ಚಿ, ಮೆತ್ತಗೆ ಪಟ್ಟಿ ಕಟ್ಟಿ, ಒಣ ಹೊಟ್ಟಿನ ಮೇಲೆ ಬಿಡುವುದು. ಹಕ್ಕಳೆಯಡಿ ಗಟ್ಟಿ ಗಡ್ಡೆ ಕೈಗೆ ಸಿಕ್ಕರೆ, ಬೆರಳು ಅಥವಾ ಕಣಕಾಲು ಊದಿದ್ದರೆ, ಅದು ವೈದ್ಯರ ಕೆಲಸ. ಗಡ್ಡೆ ತೆಗೆದ ಮೇಲೆ ಅವರು ಆ್ಯಂಟಿಬಯಾಟಿಕ್ ಬರೆದರೆ ಆಗ ಅದಕ್ಕೆ ಅರ್ಥವಿದೆ. ಎಷ್ಟು ದಿನ ಮೊಟ್ಟೆ ತಿನ್ನಬಾರದೆಂದು ಕೇಳಿಕೊಂಡೇ ಬರಬೇಕು.

ಮುನ್ನೂರು ನಾನ್ನೂರು ರೂಪಾಯಿಯ ಕೋಳಿಗೆ ಇಷ್ಟೆಲ್ಲ ಏಕೆ ಎಂಬ ಲೆಕ್ಕ ಸುಳ್ಳಲ್ಲ. ಅದೇ ಲೆಕ್ಕ ಹಿಡಿದರೂ ಅಗ್ಗದ ದಾರಿ ಗೂಡನ್ನು ಸರಿಪಡಿಸುವುದೇ, ಏಕೆಂದರೆ ಒಂದು ಕೋಳಿಗೆ ಬಂದ ಮೇಲೆ ಅದೇ ಕೋಲಿನ ಮೇಲೆ ಕೂರುವ ಉಳಿದವುಗಳ ಕಾಲೂ ಸವೆಯುತ್ತಿರುತ್ತದೆ. ಪೈಪು ಕಿತ್ತು, ಅಂಚು ಉಜ್ಜಿ ನಯಗೊಳಿಸಿದ ಎರಡಿಂಚು ಅಗಲದ ಮರದ ಪಟ್ಟಿಯನ್ನು ಎರಡಡಿಗಿಂತ ಕೆಳಗೆ ಕಟ್ಟಿ. ತಾರಸಿಯ ಮೇಲೆ ಭತ್ತದ ಹೊಟ್ಟನ್ನು ದಪ್ಪಗೆ ಹರಡಿ, ಒದ್ದೆಯಾದದ್ದನ್ನು ಅಂದೇ ತೆಗೆಯಿರಿ. ವಾರಕ್ಕೊಮ್ಮೆ ಪ್ರತಿ ಕೋಳಿಯ ಅಂಗಾಲು ತಿರುಗಿಸಿ ನೋಡಿ. ಗಡ್ಡೆ ಕಂಡರೆ ಕೋಳಿಯನ್ನು ಬುಟ್ಟಿಗೆ ಹಾಕಿಕೊಂಡು ಹೊರಡಿ. ಗಂಗಾನಗರದವರಿಗೆ ಹೆಬ್ಬಾಳದ ಪಶುವೈದ್ಯಕೀಯ ಕಾಲೇಜಿನ ಆಸ್ಪತ್ರೆ ದೂರವೇನಲ್ಲ.